ಆ ತಗಡಿನ ಬಗ್ಗೆ ಇನ್ನೊಮ್ಮೆ ಬರೆಯಿರಿ

ನಮಸ್ಕಾರ.

ಸಕಲೇಶಪುರದಿಂದ ನೀವು ಕಳಿಸಿದ ‘ಹಾಯಿದೋಣಿಗೆ ರೇಡಾರ್ ರಿಫ್ಲೆಕ್ಟರ್’ ಲೇಖನವನ್ನು, ಅಂದರೆ ಹಡಗಿನ ರೇಡಾರ್ ಪರದೆಯಲ್ಲಿ ದೋಣಿ ಕಾಣಲಿ ಅಂತ ಹಾಯಿಕಂಬದಲ್ಲಿ ಕಟ್ಟುವ ತಗಡಿನ ಕಥೆಯನ್ನು, ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ನಿರಲೂ ಮನಸ್ಸಾಗಲಿಲ್ಲ.

ಮೊದಲ ಎರಡು ಪುಟ ರೇಡಾರ್ ಇತಿಹಾಸ. ಅದನ್ನು ತೆಗೆಯಿರಿ. ನಿಮ್ಮ ಲೇಖನ ಶುರುವಾಗುವುದೇ ಮೂರನೇ ಪುಟದಲ್ಲಿ. ಮಂಗಳೂರಿನ ಆಚೆ ಮಳೆಯ ಮಬ್ಬು, ಭಾವನ ಫೈಬರ್ ದೋಣಿ, ಎಲ್ಲೋ ಹಡಗಿನ ಇಂಜಿನ್ ಸದ್ದು. ‘ಅವರಿಗೆ ನಾವು ಕಾಣ್ತಿದ್ದೀವಾ?’ ಅಂತ ನೀವು ಕೇಳುತ್ತೀರಿ. ಭಾವ ಮಾತಾಡದೆ ಹಾಯಿಕಂಬದ ಕಡೆ ನೋಡುತ್ತಾರೆ. ಅಲ್ಲಿ ನನಗೆ ಎದೆ ಝಲ್ಲೆಂದಿತು. ಮುಂದಿನ ಸಾಲಲ್ಲೇ ‘ರಿಫ್ಲೆಕ್ಟರ್ ಅಳವಡಿಸಲ್ಪಡುತ್ತದೆ’ ಅಂತ ಬರೆದಿದ್ದೀರಿ. ಯಾರು ಕಟ್ಟಿದರು? ಭಾವನೇ ಅಲ್ವಾ? ‘ಭಾವ ಕಟ್ಟಿದರು’ ಅನ್ನಿ.

ಇನ್ನು ವಿಷಯದ ತಪ್ಪುಗಳು. ‘ಚೂಪು ತುದಿ ಮೇಲೆ ಬರುವಂತೆ ನೇತುಹಾಕಬೇಕು’ ಎಂದಿದ್ದೀರಿ. ಹಾಗಲ್ಲ. ರಿಫ್ಲೆಕ್ಟರ್ ಅಂದರೆ ಒಂದಕ್ಕೊಂದು ಲಂಬವಾಗಿ ಸೇರಿಸಿದ ಮೂರು ಅಲ್ಯೂಮಿನಿಯಂ ತಗಡು, ಅವು ಕೂಡುವ ಮೂಲೆಗಳಲ್ಲಿ ಎಂಟು ಗುಳಿ, ಹೊರಗೆ ಆರು ತುದಿ. ಮೇಜಿನ ಮೇಲೆ ಇಟ್ಟು ನೋಡಿ. ಮೂರು ತುದಿಯ ಮೇಲೆ ತಾನೇ ಕೂರುತ್ತದೆ, ಒಂದು ಗುಳಿ ಮಳೆನೀರು ಹಿಡಿಯುವ ಹಾಗೆ ಆಕಾಶಕ್ಕೆ ಬಾಯಿ ತೆರೆದಿರುತ್ತದೆ. ಕಂಬದಲ್ಲೂ ಹಾಗೇ ಇರಬೇಕು. ಆಗ ಸುತ್ತಲಿನ ಆರು ಗುಳಿ ಹಡಗುಗಳ ಕಡೆ ತಿರುಗಿರುತ್ತವೆ. ಮೇಲಿನ ಮೂರು ತುದಿಗೆ ಮೂರು ದಾರ ಕಟ್ಟಿ ಒಂದೇ ಗಂಟಿಗೆ ಸೇರಿಸಿದರೆ ಆಯಿತು. ಕೆಳಗಿನಿಂದಲೂ ಬಿಗಿಯದಿದ್ದರೆ ಗಾಳಿಗೆ ಬಡಿದು ತಗಡು ಬಾಗುತ್ತದೆ. 90 ಡಿಗ್ರಿ ಸ್ವಲ್ಪ ತಪ್ಪಿದರೂ ರೇಡಾರ್ ಅಲೆ ಬಂದ ದಾರಿಯಲ್ಲೇ ವಾಪಸ್ ಹೋಗುವುದಿಲ್ಲ.

‘ದೊಡ್ಡದಿದ್ದರೆ ಒಳ್ಳೆಯದು’ ಎಂಬ ಸಾಲು ತೀರಾ ಸಪ್ಪೆ. ಅಳತೆ ಎರಡರಷ್ಟಾದರೆ ಪ್ರತಿಫಲನ 16 ಪಟ್ಟು ಜಾಸ್ತಿಯಾಗುತ್ತದೆ. ಅದನ್ನು ಹೇಳಿ, ಓದುಗರು ನಿಂತು ಓದುತ್ತಾರೆ. ಎತ್ತರವನ್ನೂ ಹೇಳಿ: ನೀರಿನಿಂದ ಕನಿಷ್ಠ 4 ಮೀಟರ್. ಅದಕ್ಕಿಂತ ಕೆಳಗಿದ್ದರೆ ಸಮುದ್ರದ ಅಲೆಗಳ ಮರೆಗೆ ಸೇರುತ್ತದೆ.

‘ಅಲ್ಯೂಮಿನಿಯಂ ಕಂಬವೇ ಸಾಕು’ ಎಂಬ ಮಾತು ಬೇಡವೇ ಬೇಡ. ಗಾಳಿಗೆ ದೋಣಿ ವಾಲಿದ ಕೂಡಲೇ ದುಂಡು ಕಂಬ ರೇಡಾರ್ ಅಲೆಯನ್ನು ಬೇರೆಲ್ಲಿಗೋ ತಳ್ಳುತ್ತದೆ. ಅದನ್ನು ನಂಬಿ ಯಾರಾದರೂ ಸಮುದ್ರಕ್ಕೆ ಇಳಿದರೆ? ‘ರಿಫ್ಲೆಕ್ಟರ್ ಇದ್ದರೆ ಭಯವಿಲ್ಲ’ ಎಂಬುದನ್ನೂ ಹೊಡೆದುಹಾಕಿ. ಹಡಗಿನಲ್ಲಿ ಯಾರೋ ಪರದೆ ನೋಡುತ್ತಿರಬೇಕು, ದೋಣಿಯಲ್ಲೂ ಒಬ್ಬರು ಕಣ್ಣು ಬಿಟ್ಟುಕೊಂಡು ಕೂತಿರಬೇಕು.

ಹಾಸನದ ಓದುಗರಿಗೆ ಸಮುದ್ರ ದೂರ ಎಂಬ ಅಳುಕು ನಿಮ್ಮ ಪತ್ರದಲ್ಲಿದೆ. ದೂರ ಏನಿಲ್ಲ. ಶಿರಾಡಿ ಘಾಟಿಯ ಮಂಜಿನಲ್ಲಿ ಮುಂದೆ ಹೋಗುವ ಸೈಕಲ್ಲಿನ ಕೆಂಪು ರಿಫ್ಲೆಕ್ಟರ್ ಫಳ್ ಅಂತ ಹೊಳೆಯುವುದನ್ನು ನೀವೂ ನೋಡಿದ್ದೀರಿ. ಆ ಪ್ಲಾಸ್ಟಿಕ್ ತುಂಡನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಒಳಗೆಲ್ಲ ಪುಟ್ಟ ಪುಟ್ಟ ಮೂಲೆಗಳು, ಮೂರು ಮುಖ ಸೇರಿ ಒಂದು. ಅಲ್ಲಿ ಬೆಳಕು, ಇಲ್ಲಿ ರೇಡಾರ್ ಅಲೆ, ಕೆಲಸ ಒಂದೇ. ಇದನ್ನು ಲೇಖನದ ನಡುವೆ ತನ್ನಿ.

ಭಾವ ಗಂಟು ಹಾಕಿದ ರೀತಿಯ ಚಿತ್ರವೊಂದನ್ನು ಕೈಯಲ್ಲೇ ಬರೆದು ಕಳಿಸಿ. ಅಂದವಾಗಿರದಿದ್ದರೂ ಪರವಾಗಿಲ್ಲ, ದಾರ ಯಾವ ತುದಿಗೆ ಕಟ್ಟಿದ್ದಾರೆ ಅನ್ನುವುದು ಕಾಣಬೇಕು.