ಅಮೆರಿಕದ ಮಿನ್ನೆಸೋಟದ ಸಣ್ಣ ಲೇಕ್‌ನಲ್ಲಿ ವಾಲೈ ಮೀನು ಗಾಳಕ್ಕೆ ಬೀಳುತ್ತಲೇ ಇಲ್ಲ, ಏನು ಮಾಡಬೇಕು?

ಮೊದಲು ಆ ಲೇಕ್‌ನಲ್ಲಿ ವಾಲೈ ಇದೆಯಾ ನೋಡಿಕೊಳ್ಳಿ. ಎಷ್ಟೋ ಸಣ್ಣ ಲೇಕ್‌ಗಳಲ್ಲಿ ಇದು ತಾನಾಗಿ ಮರಿ ಮಾಡುವುದಿಲ್ಲ, ಡಿಎನ್‌ಆರ್‌ನವರು (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ತಂದು ಬಿಟ್ಟ ಮರಿಗಳೇ ಬೆಳೆಯಬೇಕು. ಯಾವ ವರ್ಷ ಬಿಟ್ಟರು, ಬಲೆ ಹಾಕಿದಾಗ ಎಷ್ಟು ಸಿಕ್ಕಿತು ಎಂಬುದೆಲ್ಲ ಅವರ ಲೇಕ್‌ಫೈಂಡರ್ ವೆಬ್‌ಸೈಟಿನಲ್ಲಿದೆ.

ಮೀನು ಇದೆ ಅಂತಾದರೆ ತೊಂದರೆ ನೀವು ಹೋಗುವ ಹೊತ್ತಿನದು. ಇದರ ಕಣ್ಣೊಳಗೆ ಬೆಳಕನ್ನು ಹಿಂದಕ್ಕೆ ಹೊಡೆಯುವ ಪದರ ಇದೆ, ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ. ಮಬ್ಬಿನಲ್ಲೂ ಬೇಟೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಬಿಸಿಲೇರಿದರೆ ಆಳಕ್ಕೋ ಗಿಡಗಳ ನೆರಳಿಗೋ ಸರಿದು ಸುಮ್ನೆ ಬಿದ್ದಿರುತ್ತದೆ. ಸಂಜೆ ಹೋಗಿ, ಕತ್ತಲಾದ ಮೇಲೂ ಕೂತಿರಿ. ಗಾಳಿಗೆ ಅಲೆ ಎದ್ದ ದಡವಾದರೆ ಇನ್ನೂ ಒಳ್ಳೆಯದು.

ಬೇಸಿಗೆಯಲ್ಲಿ ಗಾಳಕ್ಕೆ ಸಿಕ್ಕಿಸಲು ನನ್ನ ಓಟು ಜಿಗಣೆಗೆ (ಅಸಹ್ಯ ಅನ್ನಿಸಿದರೆ ಎರೆಹುಳು ಆದೀತು). ಸಣ್ಣ ಗಾಳಕ್ಕೆ ಜಿಗಣೆಯ ದಪ್ಪ ತುದಿಯನ್ನು ಚುಚ್ಚಿ, ದಾರದ ಮೇಲೆ ಜಾರುವ ಬೆಂಡು ಕಟ್ಟಿ, ನೀರುಗಿಡ ಮುಗಿಯುವ ಅಂಚಿನಲ್ಲಿ ತಳಕ್ಕಿಂತ ಒಂದಡಿ ಮೇಲೆ ನಿಲ್ಲುವ ಹಾಗೆ ಬಿಡಿ. ಬೆಂಡು ಮುಳುಗಿದ ತಕ್ಷಣ ಎಳೆಯಬೇಡಿ. ದಾರ ಬಿಗಿಯಾಗಲಿ, ಆಮೇಲೆ. ದೋಣಿಯಲ್ಲಿ ದಬದಬ ಸದ್ದು ಮಾಡಬೇಡಿ. ಲೈಸೆನ್ಸ್ ಮಾಡಿಸಿದ್ದೀರಿ ಅಲ್ವಾ?