ಓದುಗರ ಪ್ರಶ್ನೆ: ಸಭಾಮಂದಿರದ ಪುಸ್ತಕದ ಕಪಾಟು

ಯೆಹೂದಿಗಳ ಸಿನಗಾಗ್ ಮತ್ತು ಅಲ್ಲಿನ ಗ್ರಂಥಾಲಯದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಈ ಬಾರಿ ಆಯ್ದುಕೊಂಡಿದ್ದೇವೆ.

ಪ್ರಾರ್ಥನೆ ಮಾಡುವ ಜಾಗದಲ್ಲಿ ಗ್ರಂಥಾಲಯ ಯಾಕೆ ಬೇಕು? ಈಗಂತೂ ಅವರ ಧರ್ಮಗ್ರಂಥಗಳೆಲ್ಲ ಫೋನಿನಲ್ಲೇ ಸಿಗುತ್ತವಲ್ಲ?
– ಓದುಗರೊಬ್ಬರು, ಧಾರವಾಡ

ಕನ್ನಡ ಬೈಬಲಿನಲ್ಲಿ ಸಿನಗಾಗ್‌ಗೆ 'ಸಭಾಮಂದಿರ' ಎಂಬ ಮಾತಿದೆ. ಹೀಬ್ರೂವಿನ 'ಬೇತ್ ಕ್ನೆಸೆತ್' ಎಂದರೂ ಅದೇ, ಸಭೆ ಸೇರುವ ಮನೆ. ಅದಕ್ಕೆ ಅಂಟಿಕೊಂಡೇ ಇರುವುದು 'ಬೇತ್ ಮಿದ್ರಾಶ್', ಓದುವ ಮನೆ. ಪೂರ್ವ ಯುರೋಪಿನ ಯೆಹೂದಿಗಳಂತೂ ತಮ್ಮ ಯಿಡ್ಡಿಷ್ ಮಾತಿನಲ್ಲಿ ಸಿನಗಾಗನ್ನು 'ಶೂಲ್' ಎಂದೇ ಕರೆದರು, ಅಂದರೆ ಶಾಲೆ. ಶಾಸ್ತ್ರ ಓದುವುದೂ ಅವರಿಗೆ ಆರಾಧನೆಯೇ. ಹಾಗಾಗಿ ಕಪಾಟು ಅಲ್ಲಿ ಅಲಂಕಾರಕ್ಕೆ ಇಟ್ಟದ್ದಲ್ಲ.

ಇನ್ನು ಫೋನಿನ ಮಾತು. ಯೆಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರ ಸೂರ್ಯ ಮುಳುಗುವ ಮೊದಲು ಶುರುವಾಗಿ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆ ಇರುತ್ತದೆ. ನಿಯಮ ಪಾಲಿಸುವವರು ಆ ಹೊತ್ತಿನಲ್ಲಿ ಫೋನ್, ಕಂಪ್ಯೂಟರ್ ಮುಟ್ಟುವುದಿಲ್ಲ. ಜನ ಸೇರುವುದು, ಕೈಯಲ್ಲಿ ಬಿಡುವಿರುವುದು, ಆ ವಾರ ಓದುವ ತೋರಾ (ಬೈಬಲಿನ ಮೊದಲ ಐದು ಪುಸ್ತಕ) ಭಾಗದ ಬಗ್ಗೆ ಪ್ರಶ್ನೆ ಏಳುವುದು ಎಲ್ಲವೂ ಅದೇ ದಿನ. ಆಗ ಕೈಗೆ ಸಿಗುವುದು ಅಚ್ಚಾದ ಪುಸ್ತಕ ಒಂದೇ.

ಓದುವುದೂ ಒಬ್ಬರೇ ಕೂತು ಅಲ್ಲ. ಇಬ್ಬಿಬ್ಬರು ಜೋಡಿಯಾಗಿ ಗಟ್ಟಿಯಾಗಿ ಓದಿ ವಾದ ಮಾಡುವ ಆ ಪದ್ಧತಿಗೆ 'ಹವ್ರೂತಾ' ಎನ್ನುತ್ತಾರೆ. ನಮ್ಮ ಗ್ರಂಥಾಲಯಗಳ 'ನಿಶ್ಶಬ್ದ' ಫಲಕ ಅಲ್ಲಿ ಹೊಂದುವುದಿಲ್ಲ. ಅವರ ಧರ್ಮಶಾಸ್ತ್ರದ ಚರ್ಚೆಗಳ ದೊಡ್ಡ ಗ್ರಂಥವಾದ ತಾಲ್ಮೂದಿನ ಒಂದು ಪುಟ ನೋಡಿದರೆ ಕಾರಣ ತಿಳಿಯುತ್ತದೆ: ನಡುವೆ ಮೂಲ, ಹೊಲಿಗೆಯ ಕಡೆಗೆ 11ನೇ ಶತಮಾನದ 'ರಾಶಿ' ಎಂಬ ಪಂಡಿತನ ವ್ಯಾಖ್ಯಾನ, ಹೊರ ಅಂಚಿನ ಕಡೆಗೆ ಅವನನ್ನು ಪ್ರಶ್ನಿಸುವ ನಂತರದ ಪಂಡಿತರ ಟಿಪ್ಪಣಿ. ಪುಟವೇ ಒಂದು ಚರ್ಚೆ. 1520ರ ದಶಕದಲ್ಲಿ ವೆನಿಸಿನಲ್ಲಿ ಬೋಂಬರ್ಗ್ ಎಂಬವನ ಮುದ್ರಣದಲ್ಲಿ ನಿಂತ ಪುಟವಿಂಗಡಣೆಯೇ 1880ರ ದಶಕದ ವಿಲ್ನಾ ನಗರದ ಆವೃತ್ತಿಯ ಮೂಲಕ ಇಂದಿಗೂ ನಡೆದುಬಂದಿದೆ. 1923ರಲ್ಲಿ ಶುರುವಾದ 'ದಫ್ ಯೋಮಿ' ಪದ್ಧತಿಯಲ್ಲಿ ದಿನಕ್ಕೆ ಒಂದು ಹಾಳೆಯಂತೆ ಎರಡೂ ಮಗ್ಗುಲು ಓದುತ್ತಾರೆ. 2,711 ಹಾಳೆ ಮುಗಿಯಲು ಏಳೂವರೆ ವರ್ಷ ಬೇಕು. ಗುಂಪಿನ ಎಲ್ಲರ ಪ್ರತಿಯಲ್ಲೂ ಅದೇ ಹಾಳೆ ಸಿಗಬೇಕಾದ್ದರಿಂದ ಕೊಳ್ಳುವಾಗ ವಿಲ್ನಾ ಪುಟಸಂಖ್ಯೆ ಇದೆಯೇ ಎಂದು ಮೊದಲು ನೋಡಬೇಕು.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಇಂಥ ಸಂಗ್ರಹವನ್ನು ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಜೋಡಿಸಬಹುದೇ? ಸಬ್ಬತ್ ದಿನ ಪುಸ್ತಕ ಎರವಲು ಕೊಡುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಜೋಡಿಸಬಹುದು, ಆದರೆ ಬೇಗನೆ ಕೈಕಟ್ಟುತ್ತದೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿಯಲ್ಲಿ ಯೆಹೂದಿ ಧರ್ಮಕ್ಕೆ ಸಿಕ್ಕಿರುವುದು 296 ಒಂದೇ. ತಾಲ್ಮೂದು, ಪ್ರಾರ್ಥನೆ, ಹಬ್ಬ, ಕಾನೂನು ಎಲ್ಲವೂ ಅದರೊಳಗೇ ತುರುಕಿಕೊಂಡು, ಬಿಂದುವಿನ ಮುಂದೆ ಅಂಕಿಗಳ ಬಾಲ ಬೆಳೆಯುತ್ತದೆ. ಉಳಿದದ್ದು ಚದುರುತ್ತದೆ: ಬೈಬಲ್ 220ರಲ್ಲಿ ಹೊಸ ಒಡಂಬಡಿಕೆಯ ಪಕ್ಕ, ಹಿಟ್ಲರನ ಕಾಲದ ನರಮೇಧ 940.53ರಲ್ಲಿ, ಅಡುಗೆ 641.5ರಲ್ಲಿ. ಅದಕ್ಕೇ ಇಂಥ ಗ್ರಂಥಾಲಯಗಳಿಗೆಂದು ಎರಡು ಪದ್ಧತಿ ಬಳಕೆಯಲ್ಲಿವೆ. ವೈನ್ ಪದ್ಧತಿ ಡ್ಯೂಯಿಯನ್ನೇ ತಿದ್ದಿ ಹಿಗ್ಗಿಸಿದ್ದು. ಎಲಾಜರ್ ಪದ್ಧತಿ ಬೈಬಲಿನಿಂದ ಶುರುಮಾಡಿ ಹತ್ತೂ ವರ್ಗಗಳನ್ನು ಯೆಹೂದಿ ವಿಷಯಗಳ ಸುತ್ತಲೇ ಕಟ್ಟಿದೆ. ಸ್ವಯಂಸೇವಕರೇ ನಡೆಸುವ, ಒಂದೆರಡು ಸಾವಿರ ಪುಸ್ತಕದ ಕಪಾಟಿಗೆ ವೈನ್ ಸಾಕು ಎಂಬುದು ನಮ್ಮ ಅಭಿಪ್ರಾಯ. ಡ್ಯೂಯಿ ಬಲ್ಲವರು ಅದನ್ನು ಬೇಗ ಹಿಡಿಯುತ್ತಾರೆ.

ನಿಜವಾದ ಪೇಚು ಹೆಸರುಗಳಲ್ಲಿದೆ. ಮೋಶೆ ಬೆನ್ ಮೈಮೋನ್, ಮೈಮೋನಿಡೀಸ್, ರಂಬಾಮ್ ಮೂವರೂ ಒಬ್ಬನೇ ಪಂಡಿತ. ಒಂದನ್ನು ಮುಖ್ಯ ಹೆಸರಾಗಿಟ್ಟು ಉಳಿದವುಗಳಿಂದ 'ಇದನ್ನು ನೋಡಿ' ನಮೂದು ಹಾಕದಿದ್ದರೆ ಅವನ ಕೃತಿಗಳು ಮೂರು ಕಡೆ ಹಂಚಿಹೋಗುತ್ತವೆ. ಹೀಬ್ರೂ ಬಲದಿಂದ ಎಡಕ್ಕೆ ಸಾಗುವ ಲಿಪಿ. ನಮಗೆ ಹಿಂಬದಿಯಂತೆ ಕಾಣುವುದೇ ಅದರ ಮುಖಪುಟ. ಗೊತ್ತಿಲ್ಲದವರು ಮುದ್ರೆ ಒತ್ತುವುದು, ಚೀಟಿಯ ಲಕೋಟೆ ಅಂಟಿಸುವುದು ಕೊನೆಯ ಹಾಳೆಗೇ. ಬಹುಸಂಪುಟಗಳನ್ನೂ ಎಡದಿಂದ ಜೋಡಿಸಿಬಿಡುತ್ತಾರೆ. ಹೀಬ್ರೂ ಸಾಲು, ಇತರ ಭಾಷೆಗಳ ಸಾಲು ಬೇರೆ ಬೇರೆ ಇರಲಿ. ತಾಲ್ಮೂದಿನ ದೊಡ್ಡ ಆಕಾರದ ಸಂಪುಟಗಳಿಗೆ 42 ಸೆಂ.ಮೀ. ಎತ್ತರ ಬಿಡಿ, ಪಾರ್ಟಿಕಲ್ ಬೋರ್ಡಾದರೆ 90 ಸೆಂ.ಮೀ. ಉದ್ದದ ಹಲಗೆ ಆ ಭಾರಕ್ಕೆ ನಡುವೆ ಬಾಗುತ್ತದೆ, 60 ಸೆಂ.ಮೀ.ಗೇ ಒಂದು ಆಧಾರ ಕೊಡಿ.

ಸಬ್ಬತ್ ದಿನ ಬರೆಯುವಂತಿಲ್ಲ, ಹಾಗಾಗಿ ಸಹಿ, ತಾರೀಖು ಯಾವುದೂ ಇಲ್ಲ. ಪ್ರತಿ ಸದಸ್ಯನ ಹೆಸರು ಬರೆದ ನಾಲ್ಕೈದು ಚೀಟಿಗಳನ್ನು ಮೊದಲೇ ಮಾಡಿ ಡಬ್ಬಿಯಲ್ಲಿಟ್ಟರೆ, ಪುಸ್ತಕ ಒಯ್ಯುವವರು ಅದರ ಕಾರ್ಡಿಗೆ ತಮ್ಮ ಚೀಟಿ ಸಿಕ್ಕಿಸಿ ಹೋಗಬಹುದು. ದಾಖಲೆ ಭಾನುವಾರ. ಊರಿಗೆ 'ಎರೂವ್' ಎಂಬ ಗಡಿ ಕಟ್ಟಿಲ್ಲದಿದ್ದರೆ ಬೀದಿಯಲ್ಲಿ ಹೊತ್ತೊಯ್ಯುವುದೂ ನಿಷಿದ್ಧ. ಅಂಥಲ್ಲಿ ಕುರ್ಚಿ, ಬೆಳಕು ಚೆನ್ನಾಗಿರುವುದೇ ಮುಖ್ಯ. ದೀಪವನ್ನು ಶುಕ್ರವಾರವೇ ಹಾಕಿಟ್ಟಿರಬೇಕು.

ದಾನವಾಗಿ ಬಂದ ಪುಸ್ತಕವನ್ನು ನೇರ ಕಪಾಟಿಗೆ ಏರಿಸಬೇಡಿ. ಎರಡು ವಾರ ಮುಚ್ಚಿದ ಚೀಲದಲ್ಲಿ ಬೇರೆ ಇಡಿ. ಹುಳು ಕಂಡರೆ ಮೈನಸ್ 20 ಡಿಗ್ರಿ ಶೀತದಲ್ಲಿ ಒಂದೆರಡು ವಾರ ಇಟ್ಟರೆ ಸಾಯುತ್ತದೆ. ಬೂಷ್ಟು ಮಾತ್ರ ಶೀತಕ್ಕೆ ಸಾಯುವುದಿಲ್ಲ, ಸುಮ್ಮನಾಗುತ್ತದೆ ಅಷ್ಟೆ. ಕೋಣೆಯ ತೇವ ಶೇ 65 ದಾಟಿದರೆ ಮತ್ತೆ ಏಳುತ್ತದೆ. ಪಸ್ಕ ಹಬ್ಬದ ಊಟದ ಮೇಜಿನಲ್ಲಿ ಓದುವ ಹಗ್ಗಾದಾ ಪುಸ್ತಕಗಳಲ್ಲಿ ತುಣುಕು, ದ್ರಾಕ್ಷಾರಸದ ಕಲೆ ಇದ್ದೇ ಇರುತ್ತವೆ. ಅವುಗಳ ಪೆಟ್ಟಿಗೆ ಬೇರೆಯೇ ಇರಲಿ, ಇಲ್ಲದಿದ್ದರೆ ಜಿರಳೆ ಇಡೀ ಸಾಲಿಗೆ ಬರುತ್ತದೆ.

ನಮ್ಮಲ್ಲಿ ಜೀರ್ಣವಾದ ತಾಳೆಗರಿಗಳನ್ನು ಹೊಳೆಗೆ ಬಿಡುತ್ತಿದ್ದರು. ಯೆಹೂದಿಗಳು ಏನು ಮಾಡುತ್ತಾರೆ? ಕೈರೋದಲ್ಲಿ ಮಂಗಳೂರಿನ ಕಾಗದಗಳು ಸಿಕ್ಕಿದ್ದು ನಿಜವೇ?
– ಓದುಗರೊಬ್ಬರು, ಮಂಗಳೂರು

ದೇವರ ಹೆಸರಿರುವ ಹಾಳೆಯನ್ನು ಅವರು ಸುಡುವುದಿಲ್ಲ, ರದ್ದಿಗೆ ಹಾಕುವುದಿಲ್ಲ. 'ಗೆನಿಜಾ' ಎಂಬ ಪೆಟ್ಟಿಗೆಯಲ್ಲೋ ಕೋಣೆಯಲ್ಲೋ ಕೂಡಿಟ್ಟು, ತುಂಬಿದ ಮೇಲೆ ಸ್ಮಶಾನದಲ್ಲಿ ಹೂಳುತ್ತಾರೆ. ಹರಿದ ಪ್ರಾರ್ಥನಾ ಪುಸ್ತಕ, ಪಾಠಕ್ಕೆಂದು ತೆಗೆದ ಜೆರಾಕ್ಸ್ ಪ್ರತಿ ಕೂಡ ಅಲ್ಲಿಗೇ. ಇಂಥ ಪೆಟ್ಟಿಗೆ ಗ್ರಂಥಾಲಯದ ಪಕ್ಕದಲ್ಲೇ ಇರುವುದು ಅನುಕೂಲ.

ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಹೂಳದೆ ಉಳಿದ ರಾಶಿ ಸುಮಾರು ಸಾವಿರ ವರ್ಷ ಬೆಳೆಯಿತು. ಹೀಬ್ರೂ ಅಕ್ಷರವಿದ್ದದ್ದನ್ನೆಲ್ಲ, ಅಂಗಡಿಯ ಲೆಕ್ಕವನ್ನೂ, ಅಲ್ಲಿ ಹಾಕಿದ್ದರು. 1896–97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಒಯ್ದರು. ಅಲ್ಲೀಗ 1,90,000ಕ್ಕೂ ಹೆಚ್ಚು ತುಣುಕುಗಳಿವೆ.

ಮಂಗಳೂರಿನ ಸಂಗತಿ ನಿಜ. ಟುನೀಸಿಯಾ ಕಡೆಯ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಸುಮಾರು 17 ವರ್ಷ ಈ ಕರಾವಳಿಯಲ್ಲಿದ್ದ. ಮೆಣಸು, ಅಡಿಕೆ ಕಳಿಸುತ್ತಿದ್ದ. ಯೆಮೆನ್ನಿನ ಏಡನ್ ಬಂದರಿನಿಂದ ಬಂದ ಹಳೆಯ ತಾಮ್ರ-ಕಂಚು ಕರಗಿಸಿ ಹೊಸ ಪಾತ್ರೆ ಮಾಡಿಸುತ್ತಿದ್ದ. ಆಶು ಎಂಬ ದಾಸಿಯನ್ನು 1132ರಲ್ಲಿ ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರವಿದೆ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಇಲ್ಲಿ ಕಾಗದ ಸಿಗದ್ದರಿಂದ ಏಡನ್ನಿನ ಗೆಳೆಯರು ಕಾಗದವನ್ನೇ ಉಡುಗೊರೆಯಾಗಿ ಕಳಿಸುತ್ತಿದ್ದರು, ಬಂದ ಪತ್ರದ ಖಾಲಿ ಜಾಗದಲ್ಲೇ ಅವನು ತನ್ನ ಲೆಕ್ಕ, ಪದ್ಯ ಬರೆದುಕೊಳ್ಳುತ್ತಿದ್ದ. ಕೇಂಬ್ರಿಜ್ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ಗೆನಿಜಾ ಹಾಳೆಗಳ ಚಿತ್ರಗಳನ್ನು ಹಣ ಕೊಡದೆ ನೋಡಬಹುದು. ಬೆನ್ ಯಿಜುವಿನ ಪತ್ರಗಳ ಭಾಷೆ ಹೆಚ್ಚಾಗಿ ಅರಬ್ಬಿ, ಲಿಪಿ ಹೀಬ್ರೂ. ನಿಮ್ಮ ಊರಿನ ಹೆಸರು ಅವುಗಳಲ್ಲಿ 'ಮಂಜರೂರ್' ಎಂದಿದೆ.