ಕರೆಂಟ್ ಹೋಗಿ ಬಂದ ಮೇಲೆ ಕನ್ಫರ್ಮೇಶನ್ ಸೊನ್ನೆ: ಎರಡು ಚೈನ್ ಕೂಡಿಸಬೇಕೆ?

ಪ್ರಶ್ನೆ: ಗಾಳಿಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ನೋಡ್ (ಬಿಟ್‌ಕಾಯಿನ್ ಲೆಕ್ಕ ಪರಿಶೀಲಿಸುವ ನನ್ನ ಕಂಪ್ಯೂಟರ್) ಮತ್ತೆ ಹಾಕಿದಾಗ, ಒಂದು ಕನ್ಫರ್ಮೇಶನ್ ಆಗಿದ್ದ (ಒಂದು ಬ್ಲಾಕಿಗೆ, ಅಂದರೆ ವ್ಯವಹಾರಗಳ ಕಟ್ಟಿಗೆ, ಸೇರಿದ್ದ) ಬಿಟ್‌ಕಾಯಿನ್ ಸೊನ್ನೆ ತೋರಿಸುತ್ತಿದೆ. ಕವಲೊಡೆದ ಎರಡು ಲೆಕ್ಕ (ಬ್ಲಾಕ್‌ಗಳ ಚೈನ್) ಕೂಡಿಸುವುದು ಹೇಗೆ? (ತೀರ್ಥಹಳ್ಳಿ)

ಉತ್ತರ: ಕೂಡಿಸುವುದಿಲ್ಲ! ಮಲೆನಾಡಿಗೆ ಮಳೆ ಹಿಡಿದರೆ ಸಾಕು, ಇದೇ ಪ್ರಶ್ನೆ. ಒಂದು ಕವಲು ಉಳಿಯುತ್ತದೆ, ಇನ್ನೊಂದನ್ನು ನೋಡ್ ಕೈಬಿಡುತ್ತದೆ. ಬಿಟ್ಟ ಬ್ಲಾಕಿನ ವ್ಯವಹಾರಗಳು ಮೆಂಪೂಲ್‌ಗೆ (ಬ್ಲಾಕಿಗೆ ಸೇರಲು ಕಾಯುವ ಸಾಲಿಗೆ) ಮರಳಿ ಸಾಮಾನ್ಯವಾಗಿ ಮತ್ತೊಂದು ಬ್ಲಾಕಿಗೆ ಸೇರುತ್ತವೆ. ಗೆಲ್ಲುವುದು ಉದ್ದದ ಚೈನ್ ಅಲ್ಲ. ನಿಯಮಕ್ಕೆ ಒಪ್ಪುವ ಬ್ಲಾಕ್‌ಗಳ ಹಿಂದೆ ಒಟ್ಟು ಹೆಚ್ಚು ಕೆಲಸ (ಕಂಪ್ಯೂಟರ್ ಲೆಕ್ಕಾಚಾರ) ಸೇರಿದ ಚೈನ್.

ನಿಮ್ಮಲ್ಲಿ ಕವಲೇ ಇಲ್ಲದಿರಬಹುದು. ದಿಢೀರ್ ಆಫ್ ಆದ ನೋಡ್, ಕೊನೆಗೆ ಡಿಸ್ಕಿಗೆ ಬರೆದಿಟ್ಟ ಜಾಗದಿಂದ ಬ್ಲಾಕ್‌ಗಳನ್ನು ಮತ್ತೆ ಓದುತ್ತದೆ. ಎರಡು ದಿನಕ್ಕೆ ಸುಮಾರು 288 ಬ್ಲಾಕ್ ಬಾಕಿ. ಮೊದಲು 'ಗೆಟ್‌ಬ್ಲಾಕ್‌ಚೈನ್‌ಇನ್ಫೋ' ಆದೇಶ ಕೊಟ್ಟು ಬ್ಲಾಕ್ಸ್ (ಪರಿಶೀಲಿಸಿದ ಬ್ಲಾಕ್‌ಗಳು), ಹೆಡರ್ಸ್ (ಶೀರ್ಷಿಕೆ ಬಂದಿರುವ ಬ್ಲಾಕ್‌ಗಳು) ಎರಡೂ ಸಮವಾಗುವವರೆಗೆ ಕಾಯಿರಿ. ಆಮೇಲೆ 'ಗೆಟ್‌ಚೈನ್‌ಟಿಪ್ಸ್' ನೋಡಿ: 'ವ್ಯಾಲಿಡ್-ಫೋರ್ಕ್', ಬ್ರಾಂಚ್‌ಲೆನ್ 1 (ಕವಲಿನ ಉದ್ದ ಒಂದೇ ಬ್ಲಾಕ್) ಎಂದಿದ್ದರೆ ಮಾಮೂಲಿ ಕವಲು, ಸುಮ್ಮನಿರಿ. ಕೊನೆಗೆ ನಿಮ್ಮ ವ್ಯವಹಾರದ ಐಡಿ ಕೊಟ್ಟು 'ಗೆಟ್‌ಟ್ರಾನ್ಸಾಕ್ಷನ್'. ನೋಡ್ ಪೂರ್ತಿ ಹಿಡಿದ ಮೇಲೂ ಸೊನ್ನೆಯೇ ಇದ್ದರೆ ಫೀ ಕಡಿಮೆಯಿರಬಹುದು. ಕನ್ಫರ್ಮೇಶನ್ ಋಣ ಸಂಖ್ಯೆಯಾಗಿ, 'ವಾಲೆಟ್‌ಕಾನ್‌ಫ್ಲಿಕ್ಟ್ಸ್' ಎದುರು ಬೇರೆ ಐಡಿ ಬಂದಿದ್ದರೆ ಅದೇ ಕಾಯಿನ್ ಬೇರೆ ವ್ಯವಹಾರದಲ್ಲಿ ಖರ್ಚಾಗಿದೆ. ಕಳಿಸಿದವರನ್ನೇ ಕೇಳಿ, ನೋಡನ್ನಲ್ಲ.

ಡೇಟಾಬೇಸ್ ಕೆಟ್ಟಿದೆ ಎಂಬ ದೂರು ಬಂದರೆ ಮಾತ್ರ 'ರೀಇಂಡೆಕ್ಸ್-ಚೈನ್‌ಸ್ಟೇಟ್' (ಡಿಸ್ಕಿನಲ್ಲಿರುವ ಬ್ಲಾಕ್‌ಗಳಿಂದ ಲೆಕ್ಕ ಮತ್ತೆ ಕಟ್ಟುವ ಆಯ್ಕೆ) ಹಾಕಿ. ಪ್ರೂನ್ ಮಾಡಿದ (ಹಳೆಯ ಬ್ಲಾಕ್ ಅಳಿಸಿದ) ನೋಡ್ ಆದರೆ ಮೊದಲಿಂದ ಡೌನ್‌ಲೋಡ್, ಬೇರೆ ದಾರಿಯಿಲ್ಲ. ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲೇ 'ಸ್ಟಾಪ್' ಕೊಡುವ ಅಭ್ಯಾಸವಿದ್ದರೆ ಇದ್ಯಾವುದೂ ಬೇಡ.

ಪ್ರಶ್ನೆ: ಅಡಿಕೆ ಹಣವನ್ನು ಒಂದು ಕನ್ಫರ್ಮೇಶನ್‌ಗೇ ನಂಬಬಹುದೇ? (ಸಾಗರ)

ಬೇಡ. 6 ಆಗಲಿ, ಸುಮಾರು ಒಂದು ಗಂಟೆ. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ತಂತ್ರಾಂಶದ 0.8 ಮತ್ತು 0.7 ಆವೃತ್ತಿಗಳು ಒಂದು ಬ್ಲಾಕಿನ ವಿಷಯದಲ್ಲಿ ಒಪ್ಪದೆ ಚೈನ್ ಒಡೆದು, 24 ಬ್ಲಾಕ್‌ಗಳ ಕವಲೇ ಬಿದ್ದುಹೋಯಿತು. ಹಾಗಾಗಿ ಗಲಾಟೆಯ ಸುದ್ದಿ ಇರುವ ದಿನ 6 ಕೂಡ ಸಾಲದು, ಲೋಡ್ ಬಿಡಬೇಡಿ.

ಪ್ರಶ್ನೆ: ವಾಲೆಟ್ ಆ್ಯಪ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆಯೇ? (ಶಿವಮೊಗ್ಗ)

ಇಲ್ಲ.

ಪ್ರಶ್ನೆ: ಸಿಕ್ಕಿಕೊಂಡ ಕಾಯಿನ್ ಬಿಡಿಸಿಕೊಡುತ್ತೇನೆ, ವಾಲೆಟ್‌ನ 12 ರಹಸ್ಯ ಪದ ಕಳಿಸಿ ಎನ್ನುತ್ತಾನೆ ಒಬ್ಬ. (ಹೊಸನಗರ)

ಕಳ್ಳ ಅವನು. ಚೈನ್ ಸರಿಮಾಡಲು ಯಾರಿಗೂ ನಿಮ್ಮ ಪದಗಳು ಬೇಕಿಲ್ಲ. ಕಾಯಿನ್ ಕದಿಯಲು ಮಾತ್ರ ಬೇಕು. ಈಗಾಗಲೇ ಕಳಿಸಿದ್ದರೆ ಈ ಅಂಕಣ ಓದುವುದು ನಿಲ್ಲಿಸಿ, ಹೊಸ ವಾಲೆಟ್ ಮಾಡಿ, ಉಳಿದದ್ದನ್ನು ಈಗಲೇ ಅದಕ್ಕೆ ಸಾಗಿಸಿ.